ಅರ್ಧ ಬಾಯಿಯ ಪ್ರಯೋಗ

ರಾಯಚೂರು ಜಿಲ್ಲೆಯಲ್ಲಿ ವಿಜ್ಞಾನ ಏಕೆ ಬೆಳೆಯಲಿಲ್ಲ ಎಂದು ಯಾರಾದರೂ ನನ್ನನ್ನು ಕೇಳಿದರೆ (ಇದುವರೆಗೆ ಯಾರೂ ಕೇಳಿಲ್ಲ), ನಾನು ಬಿಸಿಲನ್ನು ದೂರುವುದಿಲ್ಲ, ಸರಕಾರವನ್ನೂ ದೂರುವುದಿಲ್ಲ. ಮಾನ್ವಿಯಲ್ಲಿರುವ ನನ್ನ ಅತ್ತೆ ತುಂಗಾಬಾಯಿಯವರ ಹೆಸರು ಹೇಳಿ ಸುಮ್ಮನಾಗುತ್ತೇನೆ. ಕಾರಣವನ್ನು ಮುಂದೆ ವಿವರಿಸಿದ್ದೇನೆ. ಓದುಗರು ಪೂರ್ವಗ್ರಹವಿಲ್ಲದೆ ಓದಬೇಕು; ನನ್ನ ಹೆಂಡತಿ ಓದದಿದ್ದರೂ ಅಡ್ಡಿಯಿಲ್ಲ.

ನನ್ನ ಹೆಸರು ಶೇಷಗಿರಿ. ರಾಯಚೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಗಾಜಿನ ಭರಣಿಯೊಳಗಿನ ಹಾವು, ಹಲ್ಲಿ, ನಕ್ಷತ್ರಮೀನುಗಳ ನಡುವೆ ಅರ್ಧ ಆಯುಷ್ಯ ಕಳೆದವನಿಗೆ ಒಂದು ಗುಣ ಅಂಟಿಕೊಳ್ಳುತ್ತದೆ: ಯಾರು ಏನು ಹೇಳಿದರೂ ಪ್ರಮಾಣ ಕೇಳುವುದು. ಈ ಗುಣವನ್ನು ಭರಣಿಯೊಳಗಿನ ಪ್ರಾಣಿಗಳು ಮಾತ್ರ ಈವರೆಗೆ ತಕರಾರಿಲ್ಲದೆ ಸಹಿಸಿಕೊಂಡಿವೆ. ಹೆಂಡತಿ ಜಾನಕಿ 'ಇವತ್ತ ಸಾರಿಗೆ ಉಪ್ಪು ಸರಿ ಬಿದ್ದದ' ಎಂದರೂ ನಾನು ಒಂದು ತುತ್ತು ಉಂಡು, ತುಸು ಹೊತ್ತು ತಡೆದು, ಇನ್ನೊಂದು ತುತ್ತಿನಿಂದ ಮೊದಲಿನದನ್ನು ತಾಳೆ ನೋಡಿ, ಆಮೇಲೆ ಅಭಿಪ್ರಾಯ ಕೊಡುತ್ತೇನೆ. ಅಷ್ಟರಲ್ಲಿ ಸಾರು ಒಳಗೆ ಹೋಗಿರುತ್ತದೆ.

ಎಂಬತ್ತಮೂರರ ಬೇಸಿಗೆಯಲ್ಲಿ ಜಾನಕಿಯ ತಮ್ಮ ವಾದಿರಾಜ ಹೈದರಾಬಾದಿನಲ್ಲಿ ದಂತವೈದ್ಯ ಕಲಿತು ಬಂದು ಮಾನ್ವಿಯ ಬಸ್‌ಸ್ಟ್ಯಾಂಡಿನ ಎದುರಿಗೆ ದವಾಖಾನೆ ತೆರೆದ. ತೆರೆದ ಹೊಸತರಲ್ಲಿ ರೋಗಿಗಳು ಕಡಿಮೆಯಾದ್ದರಿಂದ ಸಂಬಂಧಿಕರ ಬಾಯಿಗಳನ್ನು ನೋಡಿಕೊಂಡು ತಿರುಗುತ್ತಿದ್ದ. ಒಂದು ಭಾನುವಾರ ನಮ್ಮಲ್ಲಿ ಊಟಕ್ಕೆ ಬಂದವನು, ಏಳು ವರ್ಷದ ನನ್ನ ಮಗಳು ಭಾಗೀರಥಿಯನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಬಾಯಿ ತೆಗೆಸಿದ.

"ಭಾವಾ, ಭಾಗೀದು ದೊಡ್ಡ ದವಡಿ ಹಲ್ಲು ಬಂದಾವ. ಸಂದಿ ಭಾಳ ಆಳ ಅವ ನೋಡ್ರಿ. ಬ್ರಷ್ಷಿಗೆ ಒಳಗ ದಾರಿ ಇಲ್ಲ, ಬೆಲ್ಲಕ್ಕ ಅದ. ಈಗ ಸೀಲಂಟ್ ಹಚ್ಚಿ ಸಂದಿ ಮುಚ್ಚಿಬಿಟ್ರ ಹುಳುಕು ಹತ್ತಂಗಿಲ್ಲ."

ಸೀಲಂಟ್ ಎಂಬುದು ಎರಡು ಪುಟ್ಟ ಶೀಶೆಗಳಲ್ಲಿ ಬರುವ ದ್ರವ. ಹಲ್ಲಿನ ನೆತ್ತಿಯನ್ನು ಸ್ವಲ್ಪ ಆಮ್ಲದಿಂದ ಒರಟು ಮಾಡಿ, ತೊಳೆದು, ಚೆನ್ನಾಗಿ ಒಣಗಿಸಿ, ಎರಡನ್ನೂ ಕಲಸಿ ಕುಂಚದಿಂದ ಹಚ್ಚಿದರೆ ಸಂದುಗಳ ಮೇಲೆ ಗಟ್ಟಿಯಾಗಿ ಕೂಡುತ್ತದೆ. ಪರದೇಶದಿಂದ ಬಂದ ಗೆಳೆಯನೊಬ್ಬ ಅವನಿಗೆ ಇದನ್ನು ಕೊಟ್ಟಿದ್ದ. ನಮ್ಮ ಮನೆಯಲ್ಲಿ ಅದರ ಹೆಸರು ಆ ಮಧ್ಯಾಹ್ನವೇ 'ಲೇಪ' ಎಂದಾಯಿತು.

"ಪ್ರಮಾಣ?" ಎಂದೆ.

"ಪ್ರಮಾಣ ಅದ, ಭಾವಾ. ಅಲ್ಲಿಯವರು ಸಣ್ಣ ಹುಡುಗರ ಬಾಯಿಯೊಳಗ ಒಂದು ಕಡೆ ಹಚ್ಚಿ, ಇನ್ನೊಂದು ಕಡೆ ಹಂಗ ಬಿಟ್ಟು, ವರ್ಷಗಟ್ಟಲೆ ನೋಡ್ಯಾರ. ಹಚ್ಚಿದ ಕಡೆ ಹುಳುಕು ಭಾಳ ಕಡಿಮಿ. ಲೇಪ ಕಿತ್ತು ಹೋದಲ್ಲೆ ಮತ್ತ ಹಚ್ಚಬೇಕು, ಅಷ್ಟ."

ಈ ಮಾತನ್ನು ಹೇಳಿದ್ದಕ್ಕೆ ವಾದಿರಾಜ ಆಮೇಲೆ ಬಹಳ ಪಶ್ಚಾತ್ತಾಪ ಪಟ್ಟ. ನನಗಾದರೋ ಆ ವಿಧಾನದ ಸೌಂದರ್ಯ ಕಣ್ಣು ಕೋರೈಸಿತು. ಅದೇ ಬಾಯಿ, ಅದೇ ಜೊಲ್ಲು, ಅದೇ ಊಟ. ವ್ಯತ್ಯಾಸ ಒಂದೇ, ಲೇಪ. ಇಂಥ ನಿರ್ದುಷ್ಟ ಪ್ರಯೋಗಕ್ಕೆ ಬೇಕಾದ ಸಕಲ ಸಾಮಗ್ರಿಯೂ ನನ್ನ ಮನೆಯ ಕಿಟಕಿಯ ಬಳಿ ಜಡೆ ಹಾಕಿಕೊಂಡು ನಿಂತಿತ್ತು.

"ಹಂಗಾದ್ರ ಭಾಗೀಗೂ ಒಂದ ಕಡೆ ಹಚ್ಚು. ಇನ್ನೊಂದು ಕಡೆ ಬಿಡು. ಎರಡು ವರ್ಷ ನಾನ ನೋಡ್ತೀನಿ," ಎಂದೆ.

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಅದರ ಹಿಂದೆಯೇ ಜಾನಕಿ ಬಂದಳು.

"ಏನ್ರೀ, ಮಗಳ ಬಾಯಿ ಅಂದ್ರ ನಿಮ್ಮ ಕಾಲೇಜಿನ ಕಪ್ಪಿ ಅಂತ ತಿಳಕೊಂಡೀರೇನು?"

"ಕಪ್ಪಿಗೆ ಹುಳುಕು ಹತ್ತೂ ಅಂಥಾ ಹಲ್ಲೇ ಇರಂಗಿಲ್ಲ, ಜಾನಕಿ."

"ಇವು ಬಿದ್ರ ಮತ್ತ ಬರೂ ಹಲ್ಲಲ್ರೀ! ಸಾಯೂತನಕ ಇವ. ಒಂದು ಕಡೆ ಹಲ್ಲು ಉಳಿಸಿ ಇನ್ನೊಂದು ಕಡೆ ಕೊಳಸ್ತೀನಿ ಅಂತೀರಲ್ಲ, ಆ ಕಡೆ ಹಲ್ಲು ಏನ್ ಪಾಪಾ ಮಾಡ್ಯಾವ?"

"ಕೊಳೀತಾವ ಅಂತ ಪ್ರಮಾಣ ಏನದ? ಕೊಳೀಲಿಲ್ಲಂದ್ರ ಲೇಪ ಸುಳ್ಳು. ಅದನ್ನ ತಿಳಕೊಳ್ಳಲಿಕ್ಕೇ ಪ್ರಯೋಗ."

"ನಾಳೆ ಗಂಡಿನವರು ನೋಡ್ಲಿಕ್ಕೆ ಬಂದ್ರ ಅರ್ಧಾ ಬಾಯಿ ತೋರಿಸ್ಲೇನು?"

"ಗಂಡಿನವರು ದವಡಿ ಹಲ್ಲು ನೋಡಂಗಿಲ್ಲ. ಅವರೇನು ಎತ್ತು ಕೊಳ್ಳಲಿಕ್ಕೆ ಬಂದಿರ್ತಾರ?"

ಚರ್ಚೆ ವಿಜ್ಞಾನದ ಗಡಿ ದಾಟಿ ನನ್ನ ತಂದೆ, ತಂದೆಯ ಅಣ್ಣತಮ್ಮಂದಿರು, ಮದುವೆಯಲ್ಲಿ ನಮ್ಮ ಕಡೆಯವರು ಬಡಿಸಿದ ಬುಂದೆ ಮೊದಲಾದ ವಿಷಯಗಳನ್ನು ಹಾದು ಸಂಜೆಯ ದೀಪದ ಹೊತ್ತಿಗೆ ಮುಗಿಯಿತು. ಕೊನೆಗೆ ಒಂದು ಕಡೆಯಾದರೂ ಉಳಿಯಲಿ ಎಂದು ಜಾನಕಿ ಒಪ್ಪಿದಳು. ಪೂರ್ತಿ ಬಿಡುವುದಕ್ಕಿಂತ ಅರ್ಧ ಹಚ್ಚುವುದು ಮೇಲು ಎಂಬ ಅವಳ ತರ್ಕದಲ್ಲಿ ನನಗೂ ದೋಷ ಕಾಣಲಿಲ್ಲ.

ಮುಂದಿನ ವಾರ ಮಾನ್ವಿಗೆ ಹೋದೆವು. ದವಾಖಾನೆಯ ಬಾಕಿನ ಮೇಲೆ ಮಲ್ಲಟದ ಕುರಿಗಾಹಿ ಕನಕಪ್ಪ, ತಲೆಯಿಂದ ಗದ್ದಕ್ಕೆ ಹೆಗಲ ಮೇಲಿನ ವಲ್ಲಿಬಟ್ಟೆ ಬಿಗಿದುಕೊಂಡು ಕೂತಿದ್ದ. ಅತ್ತೆಯವರು ಮಡಿಸೀರೆಯ ಸೆರಗನ್ನು ಯಾವುದಕ್ಕೂ ತಾಗದಂತೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಎಡವೋ ಬಲವೋ ಎಂಬುದನ್ನು ಯಾರ ಇಷ್ಟಕ್ಕೂ ಬಿಡಬಾರದೆಂಬುದು ಶಾಸ್ತ್ರ. ಆದ್ದರಿಂದ ನಾನು ನಾಣ್ಯ ಚಿಮ್ಮಿದೆ. ಬಲಗಡೆ ಎಂದು ಬಿತ್ತು.

"ದೇವರು ಬಲಗಡೇನ ಕೊಟ್ಟಾನ. ಶುಭ ಆತು," ಎಂದರು ಅತ್ತೆ. "ಈಗ ಎಡಗಡೆ ಹಚ್ಚೋದು ಯಾವಾಗ?"

"ಎಡಗಡೆ ಹಚ್ಚಂಗಿಲ್ಲ, ಅತ್ತಿಯವರ. ಅದು ಹೋಲಿಕೆಗೆ."

"ಯಾತರ ಹೋಲಿಕಿ?"

ವಿವರಿಸಿದೆ. ಅತ್ತೆಯವರು ಪೂರ್ತಿ ಕೇಳಿದರು. ಅವರು ಏನಾದರೂ ಹೇಳುವ ಮೊದಲೇ ಕನಕಪ್ಪ ಬಾಯಿಯ ವಲ್ಲಿ ಸಡಿಲಿಸಿ ಕೇಳಿದ:

"ಯಪ್ಪಾ, ತಪ್ಪ ತಿಳೀಬ್ಯಾಡ್ರಿ. ಮಳಿಗಾಲ ಬಂತಂದ್ರ ಮಾಳಿಗಿ ಮ್ಯಾಲ ಮಣ್ಣ ಹಾಕ್ತೀವಲ್ರಿ, ಅರ್ಧಾ ಮಾಳಿಗಿಗಷ್ಟ ಹಾಕಿ ಉಳದರ್ಧಾ ಸೋರತೈತೇನು ಅಂತ ಯಾರರ ನೋಡ್ತಾರೇನ್ರಿ?"

"ನೋಡಬೇಕಾಗಿತ್ತು," ಎಂದೆ. "ನೋಡಿದ್ರ ಮಣ್ಣಿನ ಗುಣ ಗೊತ್ತಾಗ್ತಿತ್ತು."

"ಮಣ್ಣಿನ ಗುಣ ಗೊತ್ತಾಗ್ತಿತ್ರಿ. ಮನ್ಯಾಗ ಹೇಣ್ತಿ ಇರತಿದ್ದಿಲ್ಲ," ಎಂದು ಅವನು ಮತ್ತೆ ವಲ್ಲಿ ಬಿಗಿದುಕೊಂಡ.

ವಾದಿರಾಜ ಬಲದವಡೆಯ ಹಲ್ಲುಗಳನ್ನು ಒಣಗಿಸಿ ಲೇಪ ಹಚ್ಚಿದ. ಅತ್ತೆಯವರು ಭಾಗಿಯನ್ನೂ ಜಾನಕಿಯನ್ನೂ ಮನೆಗೆ ಕರೆದೊಯ್ದು ದೇವರ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಬಹಳ ಹೊತ್ತು ಒಳಗಿದ್ದರು. ಹೊರಬಂದಾಗ ಮೂವರೂ ಶಾಂತರಾಗಿದ್ದರು. "ನಿಮ್ಮ ಪ್ರಯೋಗಾ ನೀವು ಮಾಡ್ರಿ, ಅಳಿಯಂದ್ರ," ಎಂದರು ಅತ್ತೆ. ಸೋತವರ ಸೌಜನ್ಯವೆಂದು ನಾನು ಅದನ್ನು ಗೌರವದಿಂದ ಸ್ವೀಕರಿಸಿದೆ.

ಪ್ರಯೋಗವೆಂದರೆ ಕೈಕಟ್ಟಿ ಕೂಡುವುದಲ್ಲ. ಹುಳುಕಿಗೆ ನ್ಯಾಯಯುತವಾದ ಅವಕಾಶ ಕೊಡಬೇಕು. ಪ್ರತಿದಿನ ಕಾಲೇಜಿಗೆ ಹೊರಡುವ ಮುಂಚೆ ಭಾಗಿಯ ಕೈಯಲ್ಲಿ ಎರಡು ಶೇಂಗಾ ಚಿಕ್ಕಿ ಇಡುತ್ತಿದ್ದೆ: ಒಂದು ಬಲಕ್ಕೆ, ಒಂದು ಎಡಕ್ಕೆ. (ಹಲ್ಲಿಗೆ ಅಂಟುವ ಶಕ್ತಿಯಲ್ಲಿ ಚಿಕ್ಕಿಗೆ ಸಮನಾದ ತಿಂಡಿ ನಮ್ಮ ಬಜಾರಿನಲ್ಲಿಲ್ಲವೆಂದು ಮೊದಲೇ ಪರೀಕ್ಷಿಸಿಕೊಂಡಿದ್ದೆ.) ಅವಳು 'ಹೂಂ ಅಪ್ಪಾ' ಎಂದು ತೆಗೆದುಕೊಳ್ಳುತ್ತಿದ್ದಳು. ಭಾನುವಾರ ಬೆಳಗ್ಗೆ ಟಾರ್ಚು ಹಿಡಿದು ಅವಳ ಬಾಯಿ ನೋಡುತ್ತಿದ್ದೆ. ಅಚ್ಚರಿಯೆಂದರೆ, ಅಷ್ಟೊಂದು ರಂಪ ಮಾಡಿದ ಜಾನಕಿ ಚಿಕ್ಕಿಯ ಬಗ್ಗೆ ಚಕಾರವೆತ್ತಲಿಲ್ಲ.

ಅಷ್ಟೇ ಅಲ್ಲ, ನಮ್ಮ ದಾಂಪತ್ಯದಲ್ಲಿ ಆ ದಿನಗಳಿಂದ ಒಂದು ಮಾಧುರ್ಯ ಕಾಣಿಸಿಕೊಂಡಿತು. ಸಂಜೆ ನಾನು ಮನೆಗೆ ಬಂದು ಕೈಕಾಲು ತೊಳೆದು ಕೂಡುತ್ತಲೇ ಭಾಗಿ ತಟ್ಟೆ ತಂದಿಡುತ್ತಿದ್ದಳು. ಅದರಲ್ಲಿ ಎರಡು ಚಿಕ್ಕಿ, ಮೇಲೊಂದು ತುಳಸೀದಳ, ಪಕ್ಕದಲ್ಲಿ ಒಂದು ನಾಣ್ಯ. ಇಡುವ ಮುಂಚೆ ಜಾನಕಿ ಅವಳ ಕೈಯಿಂದ ಒಂದು ಉದ್ಧರಣೆ ನೀರು ಬಿಡಿಸುತ್ತಿದ್ದಳು. ಹಬ್ಬ ಬಂದರೆ ಭಾಗಿಯ ಎಲೆಯಲ್ಲಿ ಇಲ್ಲದ ಹೋಳಿಗೆ, ಕರಿಗಡಬುಗಳು ನನ್ನ ಎಲೆಯಲ್ಲಿ ಎರಡರಷ್ಟು ಇರುತ್ತಿದ್ದವು.

ಈ ಸಾಕ್ಷ್ಯಗಳಿಂದ ನಾನು ಹೀಗೆ ತೀರ್ಮಾನಿಸಿದೆ: ತುಳಸಿ ಇರುವುದರಿಂದ ಇದು ನೈವೇದ್ಯ. ನಾಣ್ಯವು ಅಂಗಡಿಯಿಂದ ಉಳಿದ ಚಿಲ್ಲರೆ. ಎರಡರಷ್ಟು ಹೋಳಿಗೆ, ನಡುವಯಸ್ಸಿನಲ್ಲಿ ಕೆಲವು ಹೆಂಡಂದಿರಲ್ಲಿ ತಡವಾಗಿ ಉದಯಿಸುವ ಪ್ರೀತಿ. ಮೂರೂ ತೀರ್ಮಾನಗಳು ಒಂದಕ್ಕೊಂದು ಪೂರಕವಾಗಿದ್ದುದರಿಂದ ಮರುಪರೀಕ್ಷೆಯ ಅಗತ್ಯ ಕಾಣಲಿಲ್ಲ. ನಾಣ್ಯವನ್ನು ಎಲೆಅಡಿಕೆಗೆ ಬಳಸಿಕೊಂಡೆ. ಎರಡನೆಯ ವರ್ಷದಲ್ಲಿ ತಣ್ಣೀರು ಕುಡಿದಾಗ ನನ್ನ ಬಲದವಡೆಯಲ್ಲಿ ಏನೋ ಜುಮ್ ಎನ್ನುತ್ತಿತ್ತು. ಅದು ಪ್ರಯೋಗಕ್ಕೆ ಸಂಬಂಧಿಸಿದ ಬಾಯಿಯಲ್ಲವಾದ್ದರಿಂದ ಗಮನಿಸಲಿಲ್ಲ.

ಎರಡು ವರ್ಷ ಕಳೆದವು. ಬಲಗಡೆಯ ಲೇಪ ಹಾಗೇ ಇತ್ತು, ಹಲ್ಲು ಸ್ವಚ್ಛ. ಎಡಗಡೆ ಲೇಪವಿಲ್ಲ, ಹಲ್ಲು ಅಷ್ಟೇ ಸ್ವಚ್ಛ! ಟಾರ್ಚಿಗೆ ಹೊಸ ಸೆಲ್ಲು ಹಾಕಿ ಮತ್ತೆ ನೋಡಿದೆ. ಚುಕ್ಕೆಯಷ್ಟೂ ಕಪ್ಪಿಲ್ಲ. ದಿನಕ್ಕೆರಡು ಚಿಕ್ಕಿಯ ದಾಳಿಯನ್ನು ಬರೀ ಹಲ್ಲು ಬರಿಮೈಯಲ್ಲಿ ಎದುರಿಸಿ ಗೆದ್ದಿತ್ತು. ಅಂದರೆ ಲೇಪ ನಿಷ್ಪ್ರಯೋಜಕ. ಮಾನ್ವಿಯ ಪಾಂಡಿತ್ಯ ಪೊಳ್ಳು. ನನ್ನ ಸಂಶಯ ಸಾರ್ಥಕ. ಜಾನಕಿಗೆ ಹೇಳಿದೆ.

"ಎರಡೂ ಕಡೆ ಚಲೋ ಅವನೋ ಇಲ್ಲೋ? ಅಷ್ಟ ಸಾಕು," ಎಂದು ಅವಳು ತಟ್ಟೆಯನ್ನು ನನ್ನ ಮುಂದೆ ಸರಿಸಿದಳು.

ಇಂಥ ಫಲಿತಾಂಶವನ್ನು ಬಚ್ಚಿಡುವುದು ಸಮಾಜದ್ರೋಹ. ದೇವದುರ್ಗದಲ್ಲಿ ವಾಚನಾಲಯ ನಡೆಸುವ ಹಂಪಣ್ಣ ಮಾಸ್ತರರು ಬಹಳ ದಿನಗಳಿಂದ ಉಪನ್ಯಾಸಕ್ಕೆ ಕರೆಯುತ್ತಿದ್ದರು. 'ದಂತಲೇಪ: ಒಂದು ಭ್ರಮೆ' ಎಂಬ ವಿಷಯ ತಿಳಿಸಿ, ಆ ಶ್ರಾವಣದಲ್ಲಿ ಹೊರಟೆ. ಅಧಿಕ ಶ್ರಾವಣ. ಜಾನಕಿ ಮತ್ತು ಭಾಗಿ ಆಗಲೇ ಮಾನ್ವಿಯಲ್ಲಿದ್ದರು. ನಾನು ದೇವದುರ್ಗದಿಂದ ಸಿರವಾರದ ಮೇಲೆ ಹಾಯ್ದು ಅಲ್ಲಿಗೇ ಬರಬೇಕೆಂದು ಅತ್ತೆಯವರ ಅಪ್ಪಣೆಯಾಗಿತ್ತು.

ಗಬ್ಬೂರಿನಲ್ಲಿ ಬಸ್ಸು ನಿಂತಾಗ ಕೆಳಗಿಳಿದು ಒಂದು ಲೋಟ ತಣ್ಣೀರು ಕುಡಿದೆ. ಜುಮ್ ಎಂದದ್ದು ಹಾಗೇ ನಿಂತುಬಿಟ್ಟಿತು. ಮುಂದಿನ ದಾರಿಯಲ್ಲಿ ಬಸ್ಸು ಒಂದೊಂದು ಗುಂಡಿಗೆ ಬಿದ್ದಾಗಲೂ ಯಾರೋ ನನ್ನ ದವಡೆಯಲ್ಲಿ ಗೂಟ ಹೊಡೆದಂತಾಗುತ್ತಿತ್ತು. ದೇವದುರ್ಗದಲ್ಲಿ ಇಳಿಯುವ ಹೊತ್ತಿಗೆ ನನ್ನ ಬಾತುಕೊಂಡ ಬಲಗೆನ್ನೆ ನನಗಿಂತ ಸ್ವಲ್ಪ ಮುಂಚೆಯೇ ಇಳಿಯಿತು.

ಹಂಪಣ್ಣ ಮಾಸ್ತರರು ಒಮ್ಮೆ ನನ್ನನ್ನು, ಒಮ್ಮೆ ಗೋಡೆಯ ಮೇಲಿನ ವಿಷಯಫಲಕವನ್ನು ನೋಡಿ, ಸಭೆಗೆ ಹೇಳಿದರು: "ಇವತ್ತಿನ ಅತಿಥಿಗಳು ಹಲ್ಲಿನ ಬಗ್ಗೆ ಬರೀ ಪುಸ್ತಕ ಓದಿ ಮಾತಾಡೋರಲ್ಲ. ಅನುಭವಿಸಿ ಮಾತಾಡ್ತಾರ."

ಲೇಪ ಅನಾವಶ್ಯಕವೆಂದು ನಾನು ಕೆನ್ನೆ ಹಿಡಿದುಕೊಂಡು ಪ್ರತಿಪಾದಿಸಿದೆ. 'ಪ್ರಯೋಗ' ಎಂಬ ಶಬ್ದ 'ಬ್ರಯೋಗ' ಎಂದು ಹೊರಬರುತ್ತಿತ್ತು. ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತು ವಿನಯದಿಂದ ಕೇಳಿದರು: "ಸರ್, ತಮ್ದು ಬಾತಿದ್ದು ಲೇಪ ಹಚ್ಚಿದ ಕಡೀಗೋ, ಹಚ್ಚಲಾರದ ಕಡೀಗೋ?"

"ನನಗ ಲೇಪಾನ ಇಲ್ಲ," ಎಂದೆ.

ಸಭೆ ಚಪ್ಪಾಳೆ ತಟ್ಟಿತು. ಯಾವುದಕ್ಕೆ ಎಂಬುದನ್ನು ನಾನು ಇನ್ನೂ ವಿಶ್ಲೇಷಿಸುತ್ತಿದ್ದೇನೆ.

ಮಾನ್ವಿ ಮುಟ್ಟಿದಾಗ ಸಂಜೆ. ನೇರ ದವಾಖಾನೆಗೆ ಹೋದೆ. ಬಾಕಿನ ಮೇಲೆ ಕನಕಪ್ಪ! ಅದೇ ವಲ್ಲಿ, ಬೇರೆ ಹಲ್ಲು. ನನ್ನ ಕೆನ್ನೆ ನೋಡಿ ಎದ್ದು ಜಾಗ ಬಿಟ್ಟ. "ನೀವ ಮೊದಲ ಹೋಗ್ರಿ ಯಪ್ಪಾ. ನಂದು ಬರೇ ನೋವೈತಿ."

ವಾದಿರಾಜ ಕುರ್ಚಿ ಹಿಂದಕ್ಕೆ ವಾಲಿಸಿ ಬಾಯಿ ತೆಗೆಸಿದ. ಸುದ್ದಿ ಮುಟ್ಟಿ ಜಾನಕಿ, ಭಾಗಿ, ಅತ್ತೆಯವರು ಬಂದು ಬಾಗಿಲಲ್ಲಿ ನಿಂತರು. ಓದುಗರು ಒಂದು ಸಂಗತಿ ಗಮನದಲ್ಲಿಡಬೇಕು: ಮುಂದಿನ ಸಂಭಾಷಣೆಯುದ್ದಕ್ಕೂ ನನ್ನ ಬಾಯಿಯಲ್ಲಿ ವಾದಿರಾಜನ ಕನ್ನಡಿ, ಕೊಕ್ಕೆ ಮತ್ತು ಎರಡು ಬೆರಳುಗಳಿದ್ದವು.

"ಭಾವಾ, ಏನಿದು! ಬಲಗಡೆ ಹಲ್ಲು ಸಂದಿಯಿಂದ ಬೇರಿನತನಕ ಟೊಳ್ಳಾಗ್ಯದ. ಎಡಗಡೇನೂ ಹುಳುಕು ಒಳಗ ಇಳದದ. ಎರಡು ವರ್ಷದ ಹಿಂದ ನಾನ ನೋಡೀನಲ್ಲ, ಚಲೋ ಇದ್ದುವು. ಇಷ್ಟ್ ಸಿಹಿ ಯಾವಾಗ ತಿಂದ್ರಿ?"

"ಆ... ಆ..." ಎಂದೆ.

"ದಿನಾ ತಿಂದಾರ," ಎಂದರು ಅತ್ತೆ. "ದಾನ ಹಿಡದಿದ್ದು."

"ಯಾವ ದಾನ, ಅವ್ವಾ?"

"ವ್ರತದ್ದು. ಕೂಸಿನ ಎಡಗಡೆ ಹಲ್ಲಿಗೆ ಲೇಪ ಆಗೋತನಕ ಕೂಸು ಸಿಹಿ ಮುಟ್ಟಂಗಿಲ್ಲ ಅಂತ ಅವತ್ತ ದೇವರ ಮುಂದ ಸಂಕಲ್ಪ ಮಾಡಿಸೀನಿ. ಬಿಟ್ಟ ಪದಾರ್ಥ ದಾನ ಕೊಡದಿದ್ರ ವ್ರತ ಫಲಾ ಕೊಡ್ತದೇನು? ದಾನಕ್ಕ ಅಳಿಯಗಿಂತ ದೊಡ್ಡ ಪಾತ್ರ ಯಾರಿದಾರ? ಅಳಿಯ ಅಂದ್ರ ಸಾಕ್ಷಾತ್ ವಿಷ್ಣು. ತುಳಸಿ ಇಟ್ಟು, ನೀರು ಬಿಟ್ಟು, ದಕ್ಷಿಣಿ ಸಮೇತ ಕೊಡಿಸೀನಿ. ಒಂದ ದಿನಾನೂ ಬ್ಯಾಡ ಅನಲಿಲ್ಲ, ಪುಣ್ಯಾತ್ಮರು."

"ಆ!" ಎಂದೆ.

"ಮಾತಾಡಬ್ಯಾಡ್ರಿ, ಕೊಕ್ಕಿ ತಾಗ್ತದ," ಎಂದ ವಾದಿರಾಜ. ಆಮೇಲೆ ಅಕ್ಕನ ಕಡೆ ತಿರುಗಿ, "ಭಾವಗ ಹೇಳಬೇಕಿಲ್ಲೇನು, ಅಕ್ಕಾ?"

"ವ್ರತಾ ಹೊರಗ ಹೇಳಿದ್ರ ಫಲಾ ಹೋಗ್ತದ ಅಂದ್ಲು ಅವ್ವ. ಹೇಳಿದ್ರ ಇವರು ಪ್ರಮಾಣ ಕೇಳ್ತಿದ್ರು," ಎಂದಳು ಜಾನಕಿ.

ಭಾಗಿ ಕುರ್ಚಿಯ ಬಳಿ ಬಂದು ನನ್ನ ಕೈ ಹಿಡಿದುಕೊಂಡಳು. "ಅಪ್ಪಾ, ನಂಗೇನೂ ತ್ರಾಸ ಆಗ್ಲಿಲ್ಲ. ನಂಗ ಸಿಹಿ ಸೇರಂಗೇ ಇಲ್ಲ. ಮೆಣಸಿನಕಾಯಿ ಬಜ್ಜಿ ಸೇರ್ತದ. ನೀ ಕೇಳಲೇ ಇಲ್ಲ."

ಎರಡು ವರ್ಷ ಪ್ರತಿ ಭಾನುವಾರ ಆ ಬಾಯಿಯೊಳಗೆ ಟಾರ್ಚು ಹಾಯಿಸಿದ್ದೆ. ಅದು ಏನು ತಿನ್ನಲು ಬಯಸುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ವಿಧಾನದಲ್ಲಿ ಇದೊಂದು ಲೋಪವೆಂದು ಒಪ್ಪುತ್ತೇನೆ.

ವಾದಿರಾಜ ಬೆರಳು ಹೊರತೆಗೆದು ಕೈ ತೊಳೆದುಕೊಂಡ. "ಭಾವಾ, ನೀವು ಲೇಪದ ಪರೀಕ್ಷಾ ಮಾಡೇ ಇಲ್ಲ. ಸಿಹಿನ ತಿನ್ನದ ಬಾಯಿಯೊಳಗ ಎರಡೂ ಕಡೆ ಚಲೋ ಉಳದಾವ. ಇನ್ನ ಲೇಪ ಇಲ್ಲದ ಬಾಯಿಗೆ ದಿನಾ ಎರಡು ಚಿಕ್ಕಿ ಹಾಕಿದ್ರ ಏನಾಗ್ತದ ಅನ್ನೋದು..." ಎಂದು ಗೌರವದಿಂದ ನನ್ನ ಕೆನ್ನೆಯ ಕಡೆ ನೋಡಿದ.

"ಒಂದ ಬಾಯಿಯಿಂದ ಏನೂ ಸಿದ್ಧ ಆಗಂಗಿಲ್ಲ," ಎಂದೆ. ಅದು ನನ್ನ ವೈಜ್ಞಾನಿಕ ಅಭಿಪ್ರಾಯ; ಈಗಲೂ ಬದಲಾಗಿಲ್ಲ. "ಅದಿರ್ಲಿ, ನನಗೂ ಒಂದೀಟು ಲೇಪ ಹಚ್ಚು."

"ಕೊಳತದ್ದರ ಮ್ಯಾಲೆ ಹಚ್ಚಿ ಏನು ಉಪಯೋಗ, ಭಾವಾ? ಸಂದಿ ಚಲೋ ಇದ್ದಾಗ ಮುಚ್ಚಬೇಕು. ಎಡಗಡೀದನ್ನ ಕೊರದು ತುಂಬೋಣು. ಬಲಗಡೀದು ಕೀಳಬೇಕು."

ಕಿತ್ತ. ಹೊರಗೆ ಬಾಕಿನ ಮೇಲಿದ್ದ ಕನಕಪ್ಪ ನನ್ನ ಸದ್ದು ಕೇಳಿ ತನ್ನ ನೋವು ಕಡಿಮೆಯಾಯಿತೆಂದು ಹೇಳಿ ಊರಿಗೆ ಹೋದನಂತೆ.

ನಾನು ಹತ್ತಿ ಕಚ್ಚಿಕೊಂಡು ಕೂತಿದ್ದಾಗ ಅತ್ತೆಯವರು ಕೇಳಿದರು: "ಈಗರ ಕೂಸಿನ ಎಡಗಡೆ ಹಚ್ಚಲೇನು?" ತಲೆಯಾಡಿಸಿದೆ. ವಾದಿರಾಜ ಅದೇ ಕುರ್ಚಿಯಲ್ಲಿ ಭಾಗಿಯನ್ನು ಕೂರಿಸಿ, ಎಡದವಡೆಯ ಹಲ್ಲುಗಳನ್ನು ಒಣಗಿಸಿ ಲೇಪ ಹಚ್ಚಿ ಮುಗಿಸಿದ. ಎರಡು ವರ್ಷದ ವಿಜ್ಞಾನ, ಹಾಲು ಕಾಯುವಷ್ಟು ಹೊತ್ತಿನಲ್ಲಿ ಅಳಿಸಿಹೋಯಿತು. ಜಾನಕಿ ಮಗಳ ಬಾಯಿಯನ್ನು ಎರಡೂ ಕಡೆ ಇಣುಕಿ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟು ದಿನ ಅವಳು ಉಸಿರು ಬಿಗಿಹಿಡಿದಿದ್ದಳೆಂಬುದು ನನಗೆ ಆಗಲೇ ತಿಳಿದದ್ದು. ಹೇಳಬೇಕೆಂದುಕೊಂಡೆ, ಬಾಯಲ್ಲಿ ಹತ್ತಿ ಇತ್ತು.

ವ್ರತ ಮುಗಿಯಿತೆಂದು ನಾನು ಭಾವಿಸಿದ್ದೆ. ಆದರೆ ಮುಗಿದ ವ್ರತಕ್ಕೆ ಸಮಾಪ್ತಿಯೆಂಬುದಿದೆ, ಅಧಿಕಮಾಸಕ್ಕೆ ಅಪೂಪದಾನವೆಂಬುದಿದೆ, ಎರಡಕ್ಕೂ ಅಳಿಯನೆಂಬವನು ಒಬ್ಬನೇ ಇದ್ದಾನೆ. ಮರುದಿನ ಬೆಳಗ್ಗೆ ಅತ್ತೆಯವರು ನನ್ನನ್ನು ಮಣೆಯ ಮೇಲೆ ಕೂರಿಸಿ, ಕಂಚಿನ ಪಾತ್ರೆಯಲ್ಲಿ ಶಾಸ್ತ್ರೋಕ್ತವಾಗಿ ಮೂವತ್ತಮೂರು ಅನಾರಸಗಳನ್ನು ಮುಂದಿಟ್ಟರು. ಬೆಲ್ಲದ ಹಿಟ್ಟನ್ನು ತುಪ್ಪದಲ್ಲಿ ಕೆಂಪಗೆ ಕರಿದು ಗಸಗಸೆ ಮೆತ್ತಿದ್ದು. ಮೇಲೆ ತುಳಸಿ, ಪಕ್ಕದಲ್ಲಿ ನಾಣ್ಯ.

"ಅತ್ತಿಯವರ, ನನ್ನ ಹಲ್ಲು..."

"ಹಲ್ಲಿಂದೇನದ? ದಾನ ಹಿಡಿಯೋದು ಕೈಲೆ."

"ಹಿಡದ ಮ್ಯಾಲೆ ತಿನ್ನಬೇಕ್ರೀ," ಎಂದು ಜಾನಕಿ ನೆನಪಿಸಿದಳು. "ಇಲ್ಲಾಂದ್ರ ಕೂಸಿನ ಹಲ್ಲಿಗೆ ಬಾಧಕ."

"ಹಂಗಂತ ಪ್ರಮಾಣ..." ಎಂದು ಬಾಯಿ ತೆರೆದೆ. ಮಣೆಯ ಪಕ್ಕದಲ್ಲಿ ಭಾಗಿ ಎರಡೂ ದವಡೆಯಿಂದ ಕರಕರ ಸದ್ದು ಮಾಡುತ್ತ ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದಳು. ನಾನು ಎರಡೂ ಕೈ ಚಾಚಿದೆ.

ನನ್ನ ಹಲ್ಲನ್ನು ವಾದಿರಾಜ ಎಸೆಯಲಿಲ್ಲ. ದವಾಖಾನೆಯ ಮೇಜಿನ ಮೇಲೆ ಗಾಜಿನ ಭರಣಿಯಲ್ಲಿಟ್ಟಿದ್ದಾನೆ. ಮಕ್ಕಳನ್ನು ಕರೆತಂದ ತಾಯಂದಿರು 'ಲೇಪ ಹಚ್ಚದಿದ್ರ ಏನಾಗ್ತದ್ರಿ?' ಎಂದು ಕೇಳಿದರೆ ಅದನ್ನು ಅವರ ಕಡೆ ತಿರುಗಿಸುತ್ತಾನೆ. ಈಗ ಅವನಲ್ಲಿ ಬಾಕು ಖಾಲಿ ಇರುವುದಿಲ್ಲ. ಮೊನ್ನೆ ಹೋದಾಗ ನಾನೂ ಬಗ್ಗಿ ನೋಡಿದೆ. ದ್ರಾವಣ ಸ್ವಲ್ಪ ತೆಳುವಾಗಿತ್ತು. ಮಾದರಿಯನ್ನು ಇಟ್ಟ ಕೋನವೂ ಸರಿಯಿರಲಿಲ್ಲ. ಹೇಳಿ ಸರಿಪಡಿಸಿ ಬಂದೆ.